ಮಕ್ಕಳ ದೇಶಕ್ಕೆ ಹಿರಿಯರ ಪಯಣ: ವೀಸಾ, ವಿಮೆ ಮತ್ತು ವ್ಯಾಪಾರದ ಲೆಕ್ಕ

ದೇವನಹಳ್ಳಿಯ ಹೊರವಲಯದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ್ದು 2008ರ ಮೇ 24ರಂದು. ಅಲ್ಲಿಯವರೆಗೆ ಚಕ್ಕೋತ, ದ್ರಾಕ್ಷಿ ಮತ್ತು ರೇಷ್ಮೆ ಗೂಡಿಗೆ ಹೆಸರಾಗಿದ್ದ ತಾಲ್ಲೂಕು ಅಂದಿನಿಂದ ವಿದೇಶ ಪ್ರಯಾಣದ ಹೆಬ್ಬಾಗಿಲಾಯಿತು. 2021ರ ಜನವರಿಯಲ್ಲಿ ಇಲ್ಲಿಂದಲೇ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಮೊದಲ ನೇರ ವಿಮಾನ ಹಾರಿತು. ನಿಲ್ದಾಣದ ನಿರ್ಗಮನ ದ್ವಾರದಲ್ಲಿ ಇಂದು ಕಾಣುವವರು ತಂತ್ರಾಂಶ ಉದ್ಯೋಗಿಗಳು ಮಾತ್ರವಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಿ, ಮೊಮ್ಮಗನ ನಾಮಕರಣಕ್ಕೆ ಹೊರಟ ಅಜ್ಜ, ಅಂಗಡಿಯ ಬೀಗದ ಕೈಯನ್ನು ತಮ್ಮನಿಗೆ ಒಪ್ಪಿಸಿ ಆರು ತಿಂಗಳಿಗೆಂದು ಹೊರಟ ವರ್ತಕ ದಂಪತಿ ಸಹ ಅಲ್ಲಿದ್ದಾರೆ.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮಾಲೀಕರು, ಹೊಸಕೋಟೆಯ ಸಣ್ಣ ಕಾರ್ಖಾನೆದಾರರು, ನೆಲಮಂಗಲ ಹಾಗೂ ದಾಬಸ್‌ಪೇಟೆಯ ಗೋದಾಮು ಮತ್ತು ಸಾರಿಗೆ ಉದ್ಯಮಿಗಳು ದುಡಿದ ಹಣದಲ್ಲಿ ಮಕ್ಕಳನ್ನು ಓದಿಸಿದರು. ಆ ಮಕ್ಕಳಲ್ಲಿ ಅನೇಕರು ಈಗ ಹೊರದೇಶದಲ್ಲಿದ್ದಾರೆ. ತಂದೆತಾಯಿಗಳಿಗೆ ವಯಸ್ಸು ಅರವತ್ತೈದು, ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಜೊತೆಗಿವೆ. ಈ ಹಂತದಲ್ಲಿ ವಿದೇಶ ಪ್ರಯಾಣವೆಂಬುದು ಟಿಕೆಟ್ ಕೊಳ್ಳುವಷ್ಟು ಸರಳವಲ್ಲ. ಬಹುಪಾಲು ಸಣ್ಣ ಉದ್ಯಮಗಳು ಏಕವ್ಯಕ್ತಿ ಮಾಲೀಕತ್ವದವು. ಅಲ್ಲಿ ಮನೆಯ ಸಾಲಕ್ಕೂ ಅಂಗಡಿಯ ಸಾಲಕ್ಕೂ ಕಾನೂನಿನ ದೃಷ್ಟಿಯಲ್ಲಿ ಗೋಡೆಯಿಲ್ಲ. ಹೊರದೇಶದ ಆಸ್ಪತ್ರೆಯ ಒಂದು ಬಿಲ್ಲು ನೂಲು ಖರೀದಿಗೆ ಇಟ್ಟ ದುಡಿಯುವ ಬಂಡವಾಳವನ್ನೇ ನುಂಗಬಲ್ಲದು.

ದೇಶಕ್ಕೊಂದು ನಿಯಮ

ವೀಸಾ ಮತ್ತು ವಿಮೆಯ ನಂಟು ಎಲ್ಲ ದೇಶಗಳಲ್ಲೂ ಒಂದೇ ಬಗೆಯದಲ್ಲ. ಕೆಲವು ದೇಶಗಳಲ್ಲಿ ವಿಮೆಯಿಲ್ಲದೆ ವೀಸಾ ಇಲ್ಲ. ಕೆಲವೆಡೆ ವಿಮೆಯನ್ನು ಯಾರೂ ಕೇಳುವುದೇ ಇಲ್ಲ. ಕೇಳದಿರುವ ದೇಶದಲ್ಲಿಯೇ ಅಪಾಯ ಹೆಚ್ಚು.

ಅಮೆರಿಕ ಈ ಎರಡನೆಯ ವರ್ಗಕ್ಕೆ ಸೇರಿದೆ. ಸಂದರ್ಶಕರಿಗೆ ನೀಡುವ ಬಿ-2 ವೀಸಾಕ್ಕೆ ವಿಮೆ ಕಡ್ಡಾಯವಲ್ಲ. 1986ರ ಕಾನೂನಿನಂತೆ ಅಲ್ಲಿನ ಆಸ್ಪತ್ರೆಯ ತುರ್ತು ವಿಭಾಗವು ಹಣವಿಲ್ಲವೆಂಬ ಕಾರಣಕ್ಕೆ ರೋಗಿಯನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಆದರೆ ಚಿಕಿತ್ಸೆಯ ನಂತರ ಬಿಲ್ಲು ಬಂದೇ ಬರುತ್ತದೆ.

ಗಮನಿಸತಕ್ಕ ಇನ್ನೊಂದು ಅಂಶವೆಂದರೆ, ವೀಸಾದ ಅವಧಿಯೇ ವಾಸದ ಅವಧಿಯಲ್ಲ. ವೀಸಾ ಹತ್ತು ವರ್ಷದ್ದಾಗಿದ್ದರೂ ಪ್ರತಿ ಭೇಟಿಯಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸಿ ಐ-94 ದಾಖಲೆಯಲ್ಲಿ ನಮೂದಿಸುತ್ತಾರೆ. ಸಾಮಾನ್ಯವಾಗಿ ಅದು ಆರು ತಿಂಗಳು. ಹೆಚ್ಚು ಕಾಲ ಇರಬೇಕಾದರೆ ಆ ದಿನಾಂಕಕ್ಕೆ ಮುಂಚೆಯೇ ಐ-539 ಅರ್ಜಿ ಸಲ್ಲಿಸಬೇಕು. ಅವಧಿ ಮೀರಿ 180 ದಿನಗಳಿಗಿಂತ ಹೆಚ್ಚು ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ.

ಮೊದಲು ಎಂಬತ್ತು ತುಂಬಿದವರಿಗೆ ಸಂದರ್ಶನದಿಂದ ವಿನಾಯಿತಿ ದೊರೆಯುತ್ತಿತ್ತು. 2025ರ ಸೆಪ್ಟೆಂಬರ್ 2ರಿಂದ ವಯಸ್ಸಿನ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಲಾಯಿತು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಗೊಂಡರೂ ಅದರೊಂದಿಗೆ ವೀಸಾ ಸೇವೆ ಆರಂಭವಾಗಲಿಲ್ಲ. ಆದ್ದರಿಂದ ಸಂದರ್ಶನಕ್ಕಾಗಿ ಹಿರಿಯರು ಪರಊರಿಗೆ ಹೋಗುವ ದಿನ, ಖರ್ಚುಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಸೂಕ್ತ.

ಯೂರೋಪಿನ ಷೆಂಗೆನ್ ದೇಶಗಳ ನಿಯಮ ಸ್ಪಷ್ಟವಾಗಿದೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಬೇಕು. ಅದು ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯವಾಗಬೇಕು. ತುರ್ತು ಚಿಕಿತ್ಸೆ, ಅನಾರೋಗ್ಯದ ಕಾರಣ ಸ್ವದೇಶಕ್ಕೆ ಮರಳಿಸುವ ವೆಚ್ಚ ಹಾಗೂ ಮರಣದ ಸಂದರ್ಭದ ವೆಚ್ಚ ಅದರಲ್ಲಿ ಸೇರಿರಬೇಕು. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ವಾಸಕ್ಕೆ ಅವಕಾಶ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ವಿದ್ಯುನ್ಮಾನ ನೋಂದಣಿ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿರುವುದರಿಂದ ದಿನಗಳ ಲೆಕ್ಕದಲ್ಲಿ ತಪ್ಪಿದರೆ ಅದು ದಾಖಲಾಗುತ್ತದೆ.

ಕೆನಡಾ ದೇಶವು 2011ರ ಡಿಸೆಂಬರ್‌ನಲ್ಲಿ ತಂದೆತಾಯಿ ಹಾಗೂ ಅಜ್ಜಅಜ್ಜಿಯರಿಗೆಂದೇ 'ಸೂಪರ್ ವೀಸಾ' ಆರಂಭಿಸಿತು. 2022ರ ಜುಲೈ 4ರಿಂದ ಒಂದೇ ಭೇಟಿಯಲ್ಲಿ ಐದು ವರ್ಷಗಳವರೆಗೆ ಇರಲು ಇದರಲ್ಲಿ ಅವಕಾಶವಿದೆ. ಆದರೆ ಕನಿಷ್ಠ 1,00,000 ಕೆನಡಾ ಡಾಲರ್ ಮೊತ್ತದ, ಪ್ರವೇಶದ ದಿನದಿಂದ ಕನಿಷ್ಠ ಒಂದು ವರ್ಷ ಚಾಲ್ತಿಯಲ್ಲಿರುವ ವಿಮೆ ಹಾಗೂ ವೈದ್ಯಕೀಯ ತಪಾಸಣೆ ಕಡ್ಡಾಯ. ಕೇವಲ ದರಪಟ್ಟಿ ಸಾಲದು. ಹಣ ಕಟ್ಟಿದ ಪಾಲಿಸಿಯನ್ನೇ ತೋರಿಸಬೇಕು. 2025ರ ಜನವರಿ 28ರಿಂದ, ಆ ದೇಶದ ಹಣಕಾಸು ನಿಯಂತ್ರಕರ ಮಾನ್ಯತೆ ಪಡೆದ ವಿದೇಶಿ ವಿಮಾ ಸಂಸ್ಥೆಗಳ ಪಾಲಿಸಿಯನ್ನೂ ಒಪ್ಪಲಾಗುತ್ತಿದೆ.

ಬ್ರಿಟನ್ನಿನಲ್ಲಿ ಸಂದರ್ಶಕರ ವೀಸಾಕ್ಕೆ ವಿಮೆ ಕಡ್ಡಾಯವಲ್ಲ. ತುರ್ತು ವಿಭಾಗದ ಆರಂಭಿಕ ಚಿಕಿತ್ಸೆ ಉಚಿತ. ಆದರೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗೆ ಒಳರೋಗಿಯಾಗಿ ದಾಖಲಾದರೆ ಸಂದರ್ಶಕರಿಂದ ನಿಗದಿತ ದರದ ಶೇ. 150ರಷ್ಟನ್ನು ವಸೂಲು ಮಾಡಲಾಗುತ್ತದೆ. 500 ಪೌಂಡ್ ಅಥವಾ ಹೆಚ್ಚು ಬಾಕಿ ಉಳಿಸಿಕೊಂಡವರಿಗೆ ಮುಂದೆ ವೀಸಾ ನಿರಾಕರಿಸಬಹುದು. ಆಸ್ಟ್ರೇಲಿಯಾ 2019ರಲ್ಲಿ ತಂದೆತಾಯಿಗಳಿಗಾಗಿ ಮೂರು ಅಥವಾ ಐದು ವರ್ಷಗಳ 870ನೇ ವರ್ಗದ ವೀಸಾ ತಂದಿತು; ಅದಕ್ಕೆ ಆರೋಗ್ಯ ವಿಮೆ ಬೇಕು. ಕೊಲ್ಲಿ ರಾಷ್ಟ್ರಗಳ ಪೈಕಿ ಕತಾರ್ 2023ರ ಫೆಬ್ರವರಿ 1ರಿಂದ ಸಂದರ್ಶಕರಿಗೆ ಆರೋಗ್ಯ ವಿಮೆಯನ್ನು ಕಡ್ಡಾಯಗೊಳಿಸಿದೆ.

ಪಾಲಿಸಿಯಲ್ಲಿ ಓದಬೇಕಾದ ಸಾಲುಗಳು

"ನಮಗೆ ಮೆಡಿಕ್ಲೈಮ್ ಇದೆ" ಎಂಬ ಭರವಸೆಯಲ್ಲಿ ಹೊರಡುವವರು ಹಲವರು. ಇಲ್ಲಿ ಪ್ರತಿವರ್ಷ ನವೀಕರಿಸುವ ಕುಟುಂಬ ಆರೋಗ್ಯ ಪಾಲಿಸಿಗಳಲ್ಲಿ ಬಹುತೇಕವು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಸೀಮಿತ. ಹೊರದೇಶಕ್ಕೆ ಪ್ರತ್ಯೇಕ ಪ್ರಯಾಣ ವಿಮೆ ಬೇಕು, ಮತ್ತು ಭಾರತೀಯ ಸಂಸ್ಥೆಗಳ ಇಂತಹ ಪಾಲಿಸಿಯನ್ನು ಸಾಮಾನ್ಯವಾಗಿ ಹೊರಡುವ ಮುನ್ನವೇ ಕೊಳ್ಳಬೇಕು. ಹಾಗೆಂದು ಇಲ್ಲಿನ ಪಾಲಿಸಿಯನ್ನು ಕೈಬಿಡಬಾರದು. ವಿದೇಶದಲ್ಲಿರುವಾಗ ನವೀಕರಣ ತಪ್ಪಿದರೆ, ಹಳೆಯ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾದು ಗಳಿಸಿದ ಹಕ್ಕು ಕೈತಪ್ಪುತ್ತದೆ.

ಹಿರಿಯರ ಮಟ್ಟಿಗೆ ಅತಿಮುಖ್ಯವಾದ ಸಾಲು 'ಪೂರ್ವದಿಂದಿರುವ ಕಾಯಿಲೆ' ಕುರಿತದ್ದು. ಅನೇಕ ಪಾಲಿಸಿಗಳು ಅಂತಹ ಕಾಯಿಲೆಯನ್ನು ಪೂರ್ಣವಾಗಿ ಹೊರಗಿಡುತ್ತವೆ. ಕೆಲವು ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಉಪಮಿತಿಯೊಳಗೆ, ಹಣ ಕೊಡುತ್ತವೆ. ಉದಾಹರಣೆಗೆ, ಪಾಲಿಸಿಯ ಮೊತ್ತ 50,000 ಡಾಲರ್, ಪೂರ್ವ ಕಾಯಿಲೆಗೆ ಉಪಮಿತಿ ಶೇ. 10, ಮೊದಲು ಕೈಯಿಂದ ಭರಿಸಬೇಕಾದ ಪಾಲು 250 ಡಾಲರ್ ಎಂದಿಟ್ಟುಕೊಳ್ಳೋಣ. ಹಳೆಯ ಹೃದ್ರೋಗ ಉಲ್ಬಣಿಸಿ 40,000 ಡಾಲರ್ ಬಿಲ್ಲು ಬಂದರೆ ವಿಮಾ ಸಂಸ್ಥೆ ಕೊಡುವುದು ಹೆಚ್ಚೆಂದರೆ 5,000 ಡಾಲರ್. ಉಳಿದ 35,000 ಡಾಲರ್ ಕುಟುಂಬದ ತಲೆಯ ಮೇಲೆ ಬೀಳುತ್ತದೆ. ಪಾಲಿಸಿಯ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿರುವ ಮೊತ್ತವನ್ನು ನೋಡಿದವರಿಗೆ ಈ ಲೆಕ್ಕ ಹೊಳೆಯುವುದಿಲ್ಲ.

ಅಮೆರಿಕದ ಸಂಸ್ಥೆಗಳ ಸಂದರ್ಶಕ ವಿಮೆಯನ್ನು ಮಕ್ಕಳು ಅಲ್ಲಿಂದಲೇ ಕೊಳ್ಳಬಹುದು. ಅದರಲ್ಲಿ ಎರಡು ಬಗೆ. ಪ್ರತಿ ಚಿಕಿತ್ಸೆಗೂ ಇಂತಿಷ್ಟೇ ಎಂದು ನಿಗದಿಪಡಿಸಿರುವ ಪಾಲಿಸಿ ಅಗ್ಗ; ಒಟ್ಟು ಮಿತಿಯೊಳಗೆ ಬಿಲ್ಲಿನ ಬಹುಪಾಲನ್ನು ಭರಿಸುವ ಸಮಗ್ರ ಪಾಲಿಸಿ ದುಬಾರಿ. ಎಪ್ಪತ್ತು ದಾಟಿದ ಮೇಲೆ ಎರಡರಲ್ಲೂ ಮೊತ್ತ ಇಳಿಯುತ್ತದೆ, ಕಂತು ಏರುತ್ತದೆ. ಇಲ್ಲಿಯ ಪಾಲಿಸಿಯೋ ಅಲ್ಲಿಯದೋ ಎಂಬ ಪ್ರಶ್ನೆಗೆ ಉತ್ತರವನ್ನು ಕಂತಿನ ದರದಲ್ಲಿ ಹುಡುಕದೆ ಪೂರ್ವ ಕಾಯಿಲೆಯ ಷರತ್ತಿನಲ್ಲಿ ಹುಡುಕಬೇಕು.

ಮುಚ್ಚಿಡದಿದ್ದರೆ ಕಾನೂನಿನ ಬಲ

ಕಂತು ಹೆಚ್ಚಾದೀತೆಂದು ಸಕ್ಕರೆ ಕಾಯಿಲೆಯನ್ನು ಮುಚ್ಚಿಡುವುದು ಸಾಮಾನ್ಯ ತಪ್ಪು. ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಡಿಸೆಂಬರ್ 6ರಂದು ನೀಡಿದ ತೀರ್ಪು ಪ್ರತಿಯೊಬ್ಬ ಪ್ರಯಾಣಿಕರೂ ತಿಳಿದಿರಬೇಕಾದದ್ದು. 2009ರಲ್ಲಿ ಬಂಧುಗಳ ಮದುವೆಗೆಂದು ಅಮೆರಿಕಕ್ಕೆ ಹೊರಟ ವ್ಯಕ್ತಿಯೊಬ್ಬರು ಓವರ್‌ಸೀಸ್ ಮೆಡಿಕ್ಲೈಮ್ ಪಾಲಿಸಿ ಪಡೆದಿದ್ದರು. ಪೂರ್ವ ತಪಾಸಣೆಯಲ್ಲಿ ಅವರ ಸಕ್ಕರೆ ಕಾಯಿಲೆ ದಾಖಲಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿಯೇ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ ಅವರ ಹೃದಯನಾಳಕ್ಕೆ ಮೂರು ಸ್ಟೆಂಟ್ ಅಳವಡಿಸಲಾಯಿತು. ಕೊಲೆಸ್ಟರಾಲ್ ಸಂಬಂಧಿತ ವಿವರಗಳನ್ನು ತಿಳಿಸಿಲ್ಲವೆಂಬ ಕಾರಣ ನೀಡಿ ವಿಮಾ ಸಂಸ್ಥೆ ಹಣ ನಿರಾಕರಿಸಿತು; ರಾಷ್ಟ್ರೀಯ ಗ್ರಾಹಕ ಆಯೋಗವೂ ಅರ್ಜಿಯನ್ನು ತಳ್ಳಿಹಾಕಿತು.

ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಬರೆದ, ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರೂ ಇದ್ದ ಪೀಠದ ತೀರ್ಪು ಇದನ್ನು ತಿರುಗಿಸಿತು. ವಿಮೆ ಪಡೆಯುವವರು ತಮಗೆ ತಿಳಿದ ಮಹತ್ವದ ಸಂಗತಿಗಳನ್ನೆಲ್ಲ ತಿಳಿಸಲು ಬದ್ಧರು; ಆದರೆ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ನಂತರ, ಅರ್ಜಿಯಲ್ಲಿ ತಿಳಿಸಲಾಗಿದ್ದ ಕಾಯಿಲೆಯನ್ನೇ ಮುಂದಿಟ್ಟು ವಿಮಾ ಸಂಸ್ಥೆ ಹಣ ನಿರಾಕರಿಸುವಂತಿಲ್ಲ ಎಂಬುದು ಇದರ ಸಾರ. ಅರ್ಜಿಯಲ್ಲಿ ಬರೆದ ಕಾಯಿಲೆ ಪ್ರಯಾಣಿಕರ ರಕ್ಷೆಯಾಯಿತು. ಆದ್ದರಿಂದ ಏಜೆಂಟರು ತುಂಬಿದ ಅರ್ಜಿಗೆ ಓದದೆ ಸಹಿ ಹಾಕಬಾರದು. ತಪಾಸಣಾ ವರದಿಯ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.

ವಿವಾದ ಉಂಟಾದರೆ ಮೊದಲು ಸಂಸ್ಥೆಗೆ ಲಿಖಿತ ದೂರು ನೀಡಬೇಕು. 30 ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಯನ್ನು ಸಂಪರ್ಕಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹಿಂದೆ ಉಳಿಯುವ ಅಂಗಡಿ

ವೀಸಾ ಸಂದರ್ಶನದಲ್ಲಿ ಅರ್ಜಿದಾರರು ಮರಳಿ ಬರುತ್ತಾರೆಂಬ ನಂಬಿಕೆ ಅಧಿಕಾರಿಗೆ ಬರಬೇಕು. ನಡೆಯುತ್ತಿರುವ ಉದ್ಯಮವೇ ಅದಕ್ಕೆ ಒಳ್ಳೆಯ ಆಧಾರ. ಆದಾಯ ತೆರಿಗೆ ವಿವರಣೆ, ಜಿಎಸ್‌ಟಿ ನೋಂದಣಿ, ಉದ್ಯಮ್ ಪ್ರಮಾಣಪತ್ರ, ಬ್ಯಾಂಕ್ ಲೆಕ್ಕ, ಪಹಣಿ ಇವೆಲ್ಲ ಕ್ರಮವಾಗಿರಲಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಹೆಸರಿಗೂ ಪಾನ್ ಕಾರ್ಡಿನ ಹೆಸರಿಗೂ ವ್ಯತ್ಯಾಸವಿದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು. ವಿಮಾ ಪಾಲಿಸಿಯಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಬೇಕು.

ಆರು ತಿಂಗಳ ಗೈರುಹಾಜರಿಗೆ ವ್ಯವಹಾರದಲ್ಲೂ ಬೆಲೆಯುಂಟು. ಮಾಸಿಕ ಜಿಎಸ್‌ಟಿ ವಿವರಣೆ ಸಲ್ಲಿಸುವವರು ಸತತ ಆರು ತಿಂಗಳು ಸಲ್ಲಿಸದಿದ್ದರೆ, ತ್ರೈಮಾಸಿಕದವರು ಸತತ ಎರಡು ಅವಧಿ ತಪ್ಪಿಸಿದರೆ, ನೋಂದಣಿ ರದ್ದಾಗಲು ಅದೇ ಕಾರಣವಾಗಬಹುದು. ಓಟಿಪಿ ಬರುವುದು ಮಾಲೀಕರ ಮೊಬೈಲಿಗೆ. ಆ ಸಿಮ್ ವಿದೇಶದಲ್ಲಿ ಕೆಲಸ ಮಾಡದಿದ್ದರೆ ಲೆಕ್ಕಿಗರು ಕೈಕಟ್ಟಿ ಕೂರಬೇಕಾಗುತ್ತದೆ. ಹೊರಡುವ ಮೊದಲೇ ನಂಬಿಕಸ್ಥರೊಬ್ಬರನ್ನು ಅಧಿಕೃತ ಸಹಿದಾರರನ್ನಾಗಿ ಸೇರಿಸುವುದು, ಬ್ಯಾಂಕಿಗೆ ಅಧಿಕಾರ ಪತ್ರ ನೀಡುವುದು ಮತ್ತು ರೋಮಿಂಗ್ ವ್ಯವಸ್ಥೆ ಮಾಡಿಕೊಳ್ಳುವುದು ಅತ್ಯವಶ್ಯಕ.

ತುರ್ತಿನಲ್ಲಿ ಇಲ್ಲಿಂದ ಹಣ ಕಳುಹಿಸಬೇಕಾದರೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆ, ಕಂಪನಿ ಅಥವಾ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಇದು ದೊರೆಯದು. ಹಣವೆಲ್ಲ ಸಂಸ್ಥೆಯ ಖಾತೆಯಲ್ಲಿದ್ದರೆ ಸಮಯಕ್ಕೆ ಒದಗದು ಎಂಬುದನ್ನು ನೆನಪಿಡಬೇಕು.

ಹೊರಡುವ ಮುನ್ನ

ವೈದ್ಯರ ಚೀಟಿಯಲ್ಲಿ ಔಷಧಿಯ ಕಂಪನಿ ಹೆಸರಿನ ಜೊತೆಗೆ ಮೂಲ ಹೆಸರನ್ನೂ ಬರೆಸಿಕೊಂಡು, ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿಯೇ ಕೈಚೀಲದಲ್ಲಿ ಒಯ್ಯುವುದು ಲೇಸು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು ಕೋಡೀನ್, ಟ್ರಮಡಾಲ್ ಇರುವ ನೋವಿನ ಔಷಧಿಗಳ ಬಗ್ಗೆ ಮುಂಚಿತವಾಗಿ ವಿಚಾರಿಸಬೇಕು. ಪಾಯಸಕ್ಕೆಂದು ಗಸಗಸೆಯನ್ನು ಕಟ್ಟಿಕೊಂಡು ಹೋಗಲೇಬಾರದು, ಅಲ್ಲಿ ಅದು ನಿಷಿದ್ಧ ವಸ್ತು. ಸಂದರ್ಶಕ ವೀಸಾದಲ್ಲಿ ಹೋದವರು ಸಂಬಳದ ಕೆಲಸ ಮಾಡುವಂತಿಲ್ಲ. ಜೀವಮಾನವೆಲ್ಲ ವ್ಯಾಪಾರ ಮಾಡಿದವರಿಗೆ ಮಗನ ಅಂಗಡಿಯ ಗಲ್ಲಾದಲ್ಲಿ ಕೂರುವ ಆಸೆ ಸಹಜ, ಆದರೆ ಅದರಿಂದ ವೀಸಾಕ್ಕೆ ಕುತ್ತು ಬರಬಹುದು.

ವಿಮಾ ಸಂಸ್ಥೆಯ ಇಪ್ಪತ್ನಾಲ್ಕು ಗಂಟೆಗಳ ಸಹಾಯವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನೊಳಗೆ ಇಡಬೇಕು. ಒಂದು ಪ್ರತಿ ಮಕ್ಕಳ ಬಳಿ, ಇನ್ನೊಂದು ಊರಿನಲ್ಲಿ ಇರಲಿ. ಆಸ್ಪತ್ರೆಗೆ ದಾಖಲಾದ ಕೂಡಲೇ ಆ ಸಂಖ್ಯೆಗೆ ತಿಳಿಸಬೇಕು. ತಡವಾದರೆ ನ್ಯಾಯವಾದ ಬೇಡಿಕೆಯೂ ತಕರಾರಿಗೆ ಸಿಲುಕುತ್ತದೆ. ವಾಸ್ತವ್ಯ ವಿಸ್ತರಿಸುವುದಾದರೆ ವೀಸಾದಂತೆಯೇ ಪಾಲಿಸಿಯನ್ನೂ ಅವಧಿ ಮುಗಿಯುವ ಮುನ್ನವೇ ವಿಸ್ತರಿಸಿಕೊಳ್ಳಬೇಕು.

ದಾಬಸ್‌ಪೇಟೆಯಿಂದ ಹೊರಡುವ ಲಾರಿಗೆ, ಅದರಲ್ಲಿರುವ ಸರಕಿಗೆ, ಗೋದಾಮಿನ ಬೆಂಕಿ ಅಪಾಯಕ್ಕೆ ವಿಮೆ ಮಾಡಿಸದ ವರ್ತಕರಿಲ್ಲ. ಆ ಪಾಲಿಸಿಗಳ ಒಂದೊಂದು ಷರತ್ತನ್ನೂ ಅವರು ಓದಿ ಬಲ್ಲರು. ಆ ಲಾರಿಯನ್ನು, ಆ ಗೋದಾಮನ್ನು ಕಟ್ಟಿದ ಹಿರಿಯರು ಸಮುದ್ರ ದಾಟುವಾಗಲೂ ಅಷ್ಟೇ ಎಚ್ಚರದಿಂದ ಕಾಗದಪತ್ರ ಓದುವುದು ಉಚಿತ.