ಫುಟ್‌ಬಾಲ್ ಮತ್ತು ಬದುಕಿನ ದಾರಿ: ಕೆಲವು ತಪ್ಪು ಕಲ್ಪನೆಗಳು

ಕರಾವಳಿಯ ಹೊನ್ನಾವರದ ಬಳಿ ಅಪ್ಸರಕೊಂಡದ ಕೆಳಗಿನ ಮರಳ ದಂಡೆಯಲ್ಲೋ, ಭಟ್ಕಳ ಕುಮಟಾಗಳ ಶಾಲಾ ಮೈದಾನಗಳಲ್ಲೋ ಚೆಂಡು ಒದೆಯುತ್ತ ಬೆಳೆದ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ, ಇನ್ನು ಮುಂದೆ ಆಟವೋ ಓದೋ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಈ ಪ್ರಶ್ನೆಯ ಬೆನ್ನಿಗೆ ಎರಡು ನಂಬಿಕೆಗಳಿವೆ: ಆಟ ಹೊಟ್ಟೆ ತುಂಬಿಸದು ಎಂಬುದು ಹಿರಿಯರದು, ಉಳಿದೆಲ್ಲವನ್ನೂ ಬಿಟ್ಟವನೇ ನಿಜವಾದ ಆಟಗಾರ ಎಂಬುದು ಕಿರಿಯರದು. ಕರ್ನಾಟಕದ ಫುಟ್‌ಬಾಲ್ ನಡೆದುಬಂದ ದಾರಿಯನ್ನು ನೋಡಿದರೆ ಎರಡೂ ನಿಲ್ಲುವುದಿಲ್ಲ.

ನೌಕರಿ ಹಿಡಿದವನು ಆಟವನ್ನು ಬಿಟ್ಟುಕೊಟ್ಟಂತೆ ಎಂಬ ಕಲ್ಪನೆ ತೀರ ಇತ್ತೀಚಿನದು. ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ರಾಜ್ಯ 1946-47ರಿಂದ 1968-69ರ ಅವಧಿಯಲ್ಲಿ ನಾಲ್ಕು ಬಾರಿ ಗೆದ್ದಿತ್ತು; ಮುಂದಿನ ದಶಕಗಳಲ್ಲೂ ಬೆಂಗಳೂರಿನ ಆಟವನ್ನು ಹೊತ್ತವು ಬಹುಪಾಲು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ಮತ್ತು ಎಂಇಜಿ, ಎಎಸ್‌ಸಿಯಂಥ ಸೇನಾ ಘಟಕಗಳ ತಂಡಗಳೇ. ಅಲ್ಲಿ ಆಟಗಾರನಿಗೆ ಹಾಜರಿ ಪುಸ್ತಕವೂ ಇತ್ತು, ಅಭ್ಯಾಸಕ್ಕೆ ಬಿಡುವೂ ಇತ್ತು, ಕಾಲು ಸೋತ ಮೇಲೆ ಮುಂದುವರಿಯುವ ಸಂಬಳವೂ ಇತ್ತು. ಕೇರಳದ ಐ. ಎಂ. ವಿಜಯನ್ ಹದಿಹರೆಯದಲ್ಲೇ ಕೇರಳ ಪೊಲೀಸ್ ತಂಡ ಸೇರಿದವರು. ಆ ತಂಡ 1990ರ ಆಸುಪಾಸಿನಲ್ಲಿ ಸತತ ಎರಡು ಬಾರಿ ಫೆಡರೇಶನ್ ಕಪ್ ಗೆದ್ದಿತು, ಅವರು ಭಾರತ ತಂಡದ ನಾಯಕರಾದರು, ನಿವೃತ್ತರಾದದ್ದೂ ಪೊಲೀಸ್ ಅಧಿಕಾರಿಯಾಗಿಯೇ. ಓದಿನ ವಿಷಯವೂ ಹೀಗೆಯೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದ ತಾಲಿಮೆರೆನ್ ಆವೊ ಆಗ ಕಲ್ಕತ್ತೆಯಲ್ಲಿ ವೈದ್ಯ ವಿದ್ಯಾರ್ಥಿ, ಮುಂದೆ ನಾಗಾಲ್ಯಾಂಡಿನಲ್ಲಿ ವೈದ್ಯರಾಗಿ ದುಡಿದವರು. 1982ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡವನ್ನು ಮುನ್ನಡೆಸಿದ ಸಾಕ್ರಟೀಸ್ ಕೂಡ ವೈದ್ಯ ಪದವೀಧರರೇ. ಓದಿನಿಂದ ಆಟ ಕೆಡುತ್ತದೆ ಎನ್ನುವವರು ಈ ಹೆಸರುಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಹಾಗೆಂದು ಆ ಹಳೆಯ ಆಸರೆ ಇಂದಿಗೂ ಅಷ್ಟೇ ಗಟ್ಟಿಯಾಗಿದೆ ಎಂದು ತಿಳಿಯುವುದೂ ತಪ್ಪೇ. ಎಚ್‌ಎಎಲ್ ತಂಡ ರಾಷ್ಟ್ರೀಯ ಮಟ್ಟದ ಐ-ಲೀಗ್‌ನಲ್ಲಿ ಕೊನೆಯದಾಗಿ ಆಡಿದ್ದು 2011-12ರಲ್ಲಿ. 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿ, ಕಾರ್ಖಾನೆಯ ನೌಕರಿಯ ಜಾಗಕ್ಕೆ ಕ್ಲಬ್ಬಿನ ಕರಾರು ಬಂದಿತು. ಕರಾರು ಎಂದರೆ ನಿಗದಿತ ಅವಧಿಗಷ್ಟೇ ಸಂಬಳ ಕೊಡುವ ಒಪ್ಪಂದ, ಅದರಲ್ಲಿ ಪಿಂಚಣಿಯಿಲ್ಲ.

ದೊಡ್ಡ ಕ್ಲಬ್ಬು ಸೇರಿದರೆ ಜೀವನವೇ ದಡ ಸೇರಿದಂತೆ ಎಂಬ ನಂಬಿಕೆಯನ್ನು ಇಲ್ಲಿ ಲೆಕ್ಕ ಹಾಕಿಯೇ ನೋಡಬೇಕು. ದೇಶದ ಅಗ್ರ ಕ್ಲಬ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನಲ್ಲಿ 2024-25ರಲ್ಲಿ ಇದ್ದದ್ದು 13 ತಂಡಗಳು. ಪ್ರತಿ ತಂಡವೂ ಅನುಮತಿಯಿರುವ ನಾಲ್ವರು ವಿದೇಶೀಯರನ್ನು ಕಣಕ್ಕಿಳಿಸಿದರೆ, ಆರಂಭಿಕ ಹನ್ನೊಂದರಲ್ಲಿ ಭಾರತೀಯರಿಗೆ ಉಳಿಯುವುದು ತಂಡಕ್ಕೆ ಏಳರಂತೆ ಇಡೀ ದೇಶಕ್ಕೆ 91 ಸ್ಥಾನ. ಆ ಸ್ಥಾನಗಳೂ ಭದ್ರವಲ್ಲ. ಲೀಗಿನ ವಾಣಿಜ್ಯ ಒಪ್ಪಂದದ ಬಿಕ್ಕಟ್ಟಿನಿಂದ 2025ರಲ್ಲಿ ಮುಂದಿನ ಋತುವೇ ಅನಿಶ್ಚಿತವಾದಾಗ, ಬೆಂಗಳೂರು ಎಫ್‌ಸಿ ಆಗಸ್ಟ್ ತಿಂಗಳಲ್ಲಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಇದರ ಮೇಲೆ ಗಾಯದ ಭಯ ಬೇರೆ: ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಪಂದ್ಯಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು, ಒಂದು ವರ್ಷದ ಕರಾರಿನವನಿಗೆ ಅದು ಹೆಚ್ಚುಕಡಿಮೆ ಇಡೀ ಕರಾರೇ.

ಹಿರಿಯರ ಕಲ್ಪನೆ ಎಡವುವುದು ಇನ್ನೊಂದು ಕಡೆ. ಆಟದಿಂದ ಅನ್ನ ಹುಟ್ಟುವುದು ಕ್ಲಬ್ಬಿನ ಕರಾರಿನಿಂದ ಮಾತ್ರವಲ್ಲ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳಲು ಅವಕಾಶವಿದೆ; ಇದನ್ನೇ ಜನ ಕ್ರೀಡಾ ಕೋಟಾ ಎನ್ನುತ್ತಾರೆ, ಫುಟ್‌ಬಾಲ್ ಆ ಪಟ್ಟಿಯಲ್ಲಿದೆ. ಆದರೆ ಇಲ್ಲಿಯೇ ಅತ್ಯಂತ ದುಬಾರಿಯಾದ ತಪ್ಪು ತಿಳಿವಳಿಕೆಯೂ ಇದೆ. ಊರ ಪಂದ್ಯಾವಳಿಗಳಲ್ಲಿ ಗೆದ್ದ ಟ್ರೋಫಿಗಳು ಷೋಕೇಸ್ ತುಂಬಿದ್ದರೆ, ಪ್ರಮಾಣಪತ್ರಗಳು ಫೈಲು ತುಂಬಿದ್ದರೆ ನೌಕರಿ ಸಿಗುತ್ತದೆ ಎಂದು ಅನೇಕ ಕುಟುಂಬಗಳು ನಂಬಿವೆ. ನಿಯಮ ಆ ಕಾಗದಗಳನ್ನು ಪರಿಗಣಿಸುವುದೇ ಇಲ್ಲ. ಅದು ಒಪ್ಪುವ ಅರ್ಹತೆಗಳಲ್ಲಿ ಮುಖ್ಯವಾದವು ನಾಲ್ಕು, ಪ್ರತಿಯೊಂದಕ್ಕೂ ನಿಗದಿತ ನಮೂನೆಯಿದೆ: ದೇಶದ ಪರ ಆಡಿದವರಿಗೆ ರಾಷ್ಟ್ರೀಯ ಫೆಡರೇಶನ್ ಕೊಡುವ ನಮೂನೆ 1, ರಾಷ್ಟ್ರೀಯ ಪಂದ್ಯಾವಳಿಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ ರಾಜ್ಯ ಸಂಸ್ಥೆ ಕೊಡುವ ನಮೂನೆ 2, ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಆಡಿದವರಿಗೆ ವಿಶ್ವವಿದ್ಯಾಲಯ ಕೊಡುವ ನಮೂನೆ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ಶಾಲಾ ತಂಡಕ್ಕೆ ಆಡಿದವರಿಗೆ ಶಿಕ್ಷಣ ಇಲಾಖೆ ಕೊಡುವ ನಮೂನೆ 4. ಇವುಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಬಾಗಿಲು ತೆರೆಯುವುದು ಶಾಲೆ ಕಾಲೇಜಿನ ಹಾಜರಿ ಪಟ್ಟಿಯಲ್ಲಿ ಹೆಸರಿರುವವರಿಗೆ ಮಾತ್ರ. ಹೊನ್ನಾವರ, ಕುಮಟಾಗಳ ಪದವಿ ಕಾಲೇಜಿನಲ್ಲಿ ಓದುತ್ತಿರುವ ಆಟಗಾರನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ನಮೂನೆ 3ರ ಹಾದಿಗೆ ಬರುತ್ತಾನೆ. ಆಟಕ್ಕೆಂದೇ ಪಿಯುಸಿಯ ಬಳಿಕ ಓದು ಬಿಟ್ಟವನು, ಅದೇ ಆಟ ಕೊಡಬಹುದಾಗಿದ್ದ ನೌಕರಿಯ ಒಂದು ಬಾಗಿಲನ್ನು ತನ್ನ ಕೈಯಾರೆ ಮುಚ್ಚಿಕೊಂಡಿರುತ್ತಾನೆ. ಹೆಣ್ಣುಮಕ್ಕಳಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮನೆಯವರು ಮರೆಯಬಾರದು. ಇದರಾಚೆಗೆ ಬಿಪಿಎಡ್ ಎಂಬ ಎರಡು ವರ್ಷದ ದೈಹಿಕ ಶಿಕ್ಷಣ ಪದವಿಯಿದೆ, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಡಿ ಹಂತದಿಂದ ಮೇಲೇರುವ ತರಬೇತುದಾರರ ಪರವಾನಗಿಗಳಿವೆ, ರೆಫರಿ ವೃತ್ತಿಯಿದೆ, ಫಿಸಿಯೋಥೆರಪಿಯಿದೆ. ಬಿಪಿಎಡ್ ಮತ್ತು ಫಿಸಿಯೋಥೆರಪಿಗೆ ಓದಿನ ಬುನಾದಿ ಬೇಕೇ ಬೇಕು.

ಮರಳಿನಲ್ಲಿ ಆಡಿ ಬೆಳೆದವನು ಹುಲ್ಲಿನ ಮೇಲೂ ಗೆಲ್ಲುತ್ತಾನೆ ಎಂಬುದು ಅರ್ಧ ಸತ್ಯ. ಕಾಲು ಹೂಳುವ ನೆಲದಲ್ಲಿ ಓಡುವುದರಿಂದ ಮೀನಖಂಡ ಬಲಿಯುತ್ತದೆ ನಿಜ, ಆದರೆ ಚೆಂಡು ನೇರ ಉರುಳದ ಕಾರಣ ನೆಲದ ಪಾಸಿನ ಹದ ಅಲ್ಲಿ ಕೈಗೂಡುವುದಿಲ್ಲ. ಮರಳಿನ ಫುಟ್‌ಬಾಲ್ ತಂಡಕ್ಕೆ ಐವರಂತೆ ಬರಿಗಾಲಿನಲ್ಲಿ ಆಡುವ ಬೇರೆಯದೇ ಆಟ, ಅದರ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ 2023ರಲ್ಲಿ ಸೂರತ್‌ನಲ್ಲಿ ನಡೆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಗಳು ಕೆಸರಾಗುವ ಈ ಕರಾವಳಿಯಲ್ಲಿ ಆಟದ ತಿಂಗಳುಗಳೂ ಪರೀಕ್ಷೆಯ ತಿಂಗಳುಗಳೂ ಒಂದರ ಮೇಲೊಂದು ಬೀಳುವುದರಿಂದ, ಮಳೆಗಾಲದಲ್ಲಿಯೇ ಪಾಠದ ಹೆಚ್ಚಿನ ಭಾಗ ಓದಿ ಮುಗಿಸುವ ರೂಢಿ ಇಲ್ಲಿನ ಆಟಗಾರನಿಗೆ ಒಗ್ಗುತ್ತದೆ.

ಇನ್ನು ವಯಸ್ಸಿನ ವಿಷಯ. ಜನ್ಮದಿನಾಂಕವನ್ನು ಒಂದೆರಡು ವರ್ಷ ಹಿಂದುಮುಂದು ಮಾಡಿದರೆ ಕಿರಿಯರ ತಂಡದಲ್ಲಿ ಮಿಂಚಬಹುದು ಎಂದು ಸಲಹೆ ಕೊಡುವವರು ಎಲ್ಲ ಕಡೆ ಇದ್ದಾರೆ. ಆದರೆ ವಯೋಮಿತಿಯ ಪಂದ್ಯಾವಳಿಗಳಲ್ಲಿ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಟಿಡಬ್ಲ್ಯು3 ಎಂಬ ಪರೀಕ್ಷೆ ಬಳಕೆಯಲ್ಲಿದೆ, ಮತ್ತು ತಿದ್ದಿದ ದಿನಾಂಕ ಶಾಲಾ ದಾಖಲೆಯೊಂದಿಗೆ ತಾಳೆಯಾಗದಿದ್ದರೆ ಮುಂದೆ ನೌಕರಿಯ ದಾಖಲೆ ಪರಿಶೀಲನೆಯಲ್ಲೂ ಅದು ಬೆನ್ನಟ್ಟುತ್ತದೆ. ಹದಿನಾರರ ಹುಡುಗನಿಗೆ ಯುರೋಪಿನ ಕ್ಲಬ್ಬಿನಲ್ಲಿ ಜಾಗ ಕೊಡಿಸುವೆನೆಂದು ಹಣ ಕೇಳುವವರ ಮಾತನ್ನೂ ನಿಯಮದ ಎದುರಿಗಿಟ್ಟು ಅಳೆಯಬೇಕು. 18 ತುಂಬದವರು ಒಂದು ದೇಶದ ನೋಂದಣಿಯಿಂದ ಇನ್ನೊಂದು ದೇಶದ್ದಕ್ಕೆ ಹೋಗುವುದನ್ನು ಫಿಫಾ ಸಾಮಾನ್ಯವಾಗಿ ನಿಷೇಧಿಸಿದೆ. ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿ ಬೇರೆ ದೇಶದಲ್ಲಿ ನೆಲೆಸಿದಾಗ ಜೊತೆಗೆ ಹೋದ ಮಗುವಿಗೆ ಸಂಬಂಧಿಸಿದ್ದು. ಉದ್ಯೋಗಕ್ಕಾಗಿ ದುಬೈಗೆ ಹೋದ ಭಟ್ಕಳದ ಕುಟುಂಬದ ಮಗ ಅಲ್ಲಿನ ಕ್ಲಬ್ಬಿಗೆ ಆಡಲು ಅನುಮತಿ ಕೇಳಬಹುದಾದದ್ದು ಈ ವಿನಾಯಿತಿಯಡಿ. ಫಿಫಾದ 2023ರ ಏಜೆಂಟ್ ನಿಯಮಗಳ ಪ್ರಕಾರ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಏಜೆಂಟನು ಅಪ್ರಾಪ್ತ ಆಟಗಾರನನ್ನು ಸಂಪರ್ಕಿಸುವಂತೆಯೂ ಇಲ್ಲ, ಹಾಗೂ ಆತ ಫಿಫಾ ಪರವಾನಗಿ ಪಡೆದವನೇ ಎಂಬುದನ್ನು ಮನೆಯವರೇ ಕೇಳಿ ಪರಿಶೀಲಿಸಬಹುದು.