ಗೈಡ್ ರೈಲ್, ಕಟಿಂಗ್ ಟೇಬಲ್: ಯಾವ ಸಾಮಾನು ಮೊದಲು, ಯಾವುದು ಆಮೇಲೆ?

ಪ್ಲೈವುಡ್ ಎರಡು ಸೂತ ಓರೆ ಕಟ್ ಆದರೂ ವಾರ್ಡ್‌ರೋಬ್ ಬಾಗಿಲು ಸರಿಯಾಗಿ ಕೂರಲ್ಲ. ಮೈಕಾ ಅಂಚು ಕಿತ್ತು ಬಂದರೆ ಮನೆಯವರು ಒಪ್ಪಲ್ಲ. ಕೊನೆಗೆ ಶೀಟಿನ ದುಡ್ಡು ಹೋಗೋದು ಬಡಗಿಯ ಜೇಬಿನಿಂದಲೇ. ಇದಕ್ಕೆ ಪರಿಹಾರ ಅಂತ ಗೈಡ್ ರೈಲ್ ತಗೊಳ್ಳುವವರು ಬಹಳ ಜನ. ಆದರೆ ರೈಲ್ ಜೊತೆಗೆ ಏನೇನು ಬೇಕು, ಯಾವುದು ಬೇಡ ಅನ್ನೋದು ಗೊತ್ತಿಲ್ಲದೆ ತಗೊಂಡ್ರೆ ಅರ್ಧ ಸಾಮಾನು ಮೂಲೆ ಸೇರುತ್ತೆ.

ರೈಲ್ ಮಾಡೋ ಕೆಲಸ ಏನು?

ನಮ್ಮ ಕಡೆ ಸಾಮಾನ್ಯವಾಗಿ ಕಟಿಂಗ್ ಮೆಷಿನ್ ತಲೆಕೆಳಗು ಮಾಡಿ ಟೇಬಲ್‌ಗೆ ಬಿಗಿದು, ಶೀಟನ್ನು ಬ್ಲೇಡ್ ಕಡೆ ತಳ್ಳುತ್ತಾರೆ. ಎಷ್ಟೋ ಕಡೆ ಗಾರ್ಡ್ ಬಿಚ್ಚಿರುತ್ತಾರೆ, ಸ್ವಿಚ್ಚನ್ನು ದಾರದಲ್ಲಿ ಕಟ್ಟಿರುತ್ತಾರೆ. ಮರ ಸಿಕ್ಕಿಕೊಂಡು ಹಿಂದಕ್ಕೆ ಹಾರಿದರೆ ಕೈ ಬ್ಲೇಡ್ ಮೇಲೆ ಹೋಗಿರುತ್ತೆ. ಗೈಡ್ ರೈಲ್‌ನಲ್ಲಿ ಇದು ಉಲ್ಟಾ. ಶೀಟ್ ಅಲ್ಲಾಡದೆ ಮಲಗಿರುತ್ತದೆ, ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೆಷಿನ್ ಓಡುತ್ತದೆ, ಎರಡೂ ಕೈ ಹಿಡಿಕೆಯ ಮೇಲಿರುತ್ತವೆ. ಗೆರೆ ನೇರ ಬರೋದರ ಜೊತೆಗೆ ಬೆರಳೂ ಉಳಿಯುತ್ತದೆ.

ಮೊದಲು ಮೆಷಿನ್ ನೋಡಿ

ಎಲ್ಲ ರೈಲ್ ಎಲ್ಲ ಮೆಷಿನ್‌ಗೆ ಕೂರಲ್ಲ. ಫೆಸ್ಟೂಲ್ ಮತ್ತು ಮಕಿಟಾ ರೈಲ್‌ಗಳ ಅಚ್ಚು ಹೆಚ್ಚು ಕಡಿಮೆ ಒಂದೇ. ಬಾಷ್, ಡಿವಾಲ್ಟ್ ರೈಲ್‌ಗಳ ಅಚ್ಚು ಬೇರೆ. ಅಡಿಯಲ್ಲಿ ಗಾಡಿ ಇಲ್ಲದ ಸಾಮಾನ್ಯ ಸರ್ಕ್ಯುಲರ್ ಸಾ ಆದರೆ ರೈಲ್‌ಗೆ ಕೂರಿಸೋ ಅಡಾಪ್ಟರ್ ಪ್ಲೇಟ್ ಬೇಕು. ಮೆಷಿನನ್ನೇ ಅಂಗಡಿಗೆ ತಗೊಂಡು ಹೋಗಿ, ರೈಲ್ ಮೇಲೆ ಓಡಿಸಿ ನೋಡಿದ ಮೇಲೆ ದುಡ್ಡು ಕೊಡೋದು ಜಾಣತನ.

ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಓಡಿಸುವವರು ಎಚ್ಚರವಾಗಿರಬೇಕು. ಆ ಮೆಷಿನ್ ನಿಮಿಷಕ್ಕೆ 12,000 ಸುತ್ತು ಅಥವಾ ಅದಕ್ಕಿಂತ ಹೆಚ್ಚು ತಿರುಗುತ್ತದೆ. ಮರ ಕೊಯ್ಯೋ ಮೆಷಿನ್‌ನಲ್ಲಿರುವಂತೆ ತಾನೇ ಮುಚ್ಚಿಕೊಳ್ಳುವ ಕೆಳಗಿನ ಗಾರ್ಡ್ ಅದರಲ್ಲಿ ಇರಲ್ಲ. ರೈಲ್ ಹಾಕಿದ ಮಾತ್ರಕ್ಕೆ ಆ ಅಪಾಯ ಹೋಗಲ್ಲ.

ಎಷ್ಟು ಉದ್ದ?

8x4 ಅಡಿ ಶೀಟ್ ಅಂದರೆ 2440x1220 ಮಿ.ಮೀ. ಅಡ್ಡ ಕೊಯ್ಯಲು 1400 ಮಿ.ಮೀ. ರೈಲ್ ಸಾಕು. ಉದ್ದ ಸೀಳಲು 2440ರ ರೈಲ್ ಸಾಲದು, ಯಾಕಂದ್ರೆ ಬ್ಲೇಡ್ ಮರ ಮುಟ್ಟುವ ಮೊದಲೇ ಮೆಷಿನ್ ರೈಲ್ ಮೇಲೆ ಪೂರ್ತಿ ಕೂತಿರಬೇಕು. 1400ರ ಎರಡು ರೈಲ್ ಜೋಡಿಸಿದರೆ 2800 ಆಗುತ್ತದೆ, ಎರಡೂ ಕೆಲಸ ನಡೆಯುತ್ತದೆ, ಬೈಕ್ ಮೇಲೂ ಸಾಗಿಸಬಹುದು. ಇದಕ್ಕೆ ಜೋಡಣೆ ಪಟ್ಟಿ ಎರಡು ಬೇಕು. ಬಿಗಿಯುವಾಗ ಪಕ್ಕದಲ್ಲಿ ನೇರ ಪಟ್ಟಿ ಇಟ್ಟು ನೋಡಿ. ಜೋಡಣೆ ಒಂದು ಕೂದಲಷ್ಟು ಬಾಗಿದರೂ ಎಂಟು ಅಡಿ ಮುಗಿಯುವಷ್ಟರಲ್ಲಿ ಗೆರೆ ಓಡಿಹೋಗಿರುತ್ತದೆ.

ಮೊದಲ ಸುತ್ತಿನಲ್ಲಿ ತಗೋಬೇಕಾದ್ದು

ಬ್ಲೇಡ್: ಹಲ್ಲು ಕಮ್ಮಿ ಇದ್ದರೆ ಬೇಗ ಸೀಳುತ್ತೆ, ಅಂಚು ಒರಟು. ಸುಮಾರು 160 ಮಿ.ಮೀ. ಬ್ಲೇಡ್‌ನಲ್ಲಿ ಪ್ಲೈ, ಮೈಕಾಗೆ 48 ಹಲ್ಲಿನದು ಒಳ್ಳೇದು. ಬ್ಲೇಡ್ ಮೇಲೆ ಬರೆದಿರುವ ಗರಿಷ್ಠ ಸುತ್ತು ಮೆಷಿನ್ ಸುತ್ತಿಗಿಂತ ಕಮ್ಮಿ ಇರಬಾರದು. ನಡುವಿನ ತೂತಿನ ಅಳತೆಯೂ ಹೊಂದಬೇಕು.

ಕ್ಲ್ಯಾಂಪ್: ರೈಲ್ ಅಡಿಯ ಗಾಡಿಯಲ್ಲಿ ತೂರುವಂಥ ಎರಡು ಸಾಕು. ಮೇಲೆ ಎದ್ದು ನಿಲ್ಲುವ ಕ್ಲ್ಯಾಂಪ್ ಮೆಷಿನ್‌ಗೆ ತಗಲುತ್ತದೆ.

ರಬ್ಬರ್ ಪಟ್ಟಿ: ರೈಲ್ ಅಂಚಿನ ಈ ಪಟ್ಟಿ ಮೈಕಾ ಏಳದಂತೆ ಒತ್ತಿ ಹಿಡಿಯುತ್ತದೆ. ಹೊಸದು ಹಾಕಿದಾಗ ಮೊದಲ ಕಟ್‌ನಲ್ಲಿ ನಿಮ್ಮ ಮೆಷಿನ್ನೇ ಅದನ್ನು ಅಳತೆಗೆ ಕತ್ತರಿಸುತ್ತದೆ. ಆಮೇಲೆ ಆ ಅಂಚೇ ಕಟಿಂಗ್ ಗೆರೆ. ಬೇರೆ ಮೆಷಿನ್ ಹಾಕಿದರೆ ಗೆರೆ ಬದಲಾಗುತ್ತದೆ.

ಮಾಸ್ಕ್ ಮತ್ತು ಪುಡಿ ಎಳೆಯೋ ಪೈಪ್: ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಎಂಡಿಎಫ್ ಕೊಯ್ಯುವಾಗ ಟವಲ್ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು. ಪೈಪ್ ತಗೊಳ್ಳುವಾಗ ಮೆಷಿನ್‌ನ ಬಾಯಿ ಅಳತೆ ನೋಡಿ.

ಟೇಬಲ್ ವಿಚಾರ

ದುಬಾರಿ ಟೇಬಲ್ ಇಲ್ಲದಿದ್ದರೂ ನಡೆಯುತ್ತದೆ. ಗಟ್ಟಿ ಸ್ಟ್ಯಾಂಡ್ ಮೇಲೆ ಹಾಳಾದರೂ ಪರವಾಗಿಲ್ಲ ಅನ್ನುವ ಹಳೇ ಶೀಟ್ ಹಾಸಿ, ಅದರ ಮೇಲೆ ಒಳ್ಳೇ ಶೀಟ್ ಇಡಿ. ಬ್ಲೇಡ್ ಶೀಟಿನಿಂದ 2-3 ಮಿ.ಮೀ. ಮಾತ್ರ ಕೆಳಗೆ ಇಳಿಯಲಿ. ಆಳ ಇಡುವಾಗ ರೈಲ್ ದಪ್ಪವನ್ನೂ ಸೇರಿಸಬೇಕು. ಟ್ರ್ಯಾಕ್ ಸಾ ಆಗಿದ್ದರೆ ಅದರ ಅಳತೆಪಟ್ಟಿ ರೈಲ್ ದಪ್ಪ ಸೇರಿಸಿಯೇ ತೋರಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಕತ್ತರಿಸಿ ಬೀಳುವ ತುಂಡಿಗೂ ಅಡಿಯಲ್ಲಿ ಆಸರೆ ಇರಲಿ. ಅದು ಜೋತುಬಿದ್ದರೆ ಬ್ಲೇಡ್ ಸಿಕ್ಕಿಕೊಂಡು ಮೆಷಿನ್ ಹಿಂದಕ್ಕೆ ಒದೆಯುತ್ತದೆ.

ತೂತು ಇರುವ ಟೇಬಲ್ ಬೇಕೇ ಬೇಕು ಅನ್ನುವವರು ಅಳತೆ ಕೇಳಿ ತಗೊಳ್ಳಿ. ಯುರೋಪ್ ಮಾದರಿಯ ಟೇಬಲ್‌ಗಳಲ್ಲಿ 20 ಮಿ.ಮೀ. ತೂತುಗಳು 96 ಮಿ.ಮೀ. ಅಂತರದಲ್ಲಿ ಇರುತ್ತವೆ. ಅದಕ್ಕೆ ಮುಕ್ಕಾಲು ಇಂಚಿನ ಗೂಟ ತಂದರೆ ಅದು 19 ಮಿ.ಮೀ. ಇರುವುದರಿಂದ ಅಲ್ಲಾಡುತ್ತದೆ, ಮೂಲೆಮಟ್ಟ ತಪ್ಪುತ್ತದೆ.

ಆಮೇಲೆ ತಗೊಂಡರೂ ಆಗುವುದು

ಒಂದೇ ಅಗಲದ ಪಟ್ಟಿಗಳನ್ನು ಸಾಲಾಗಿ ಕೊಯ್ಯೋ ಪ್ಯಾರಲಲ್ ಗೈಡ್, ರೈಲ್‌ಗೆ ಸಿಕ್ಕಿಸೋ ಮೂಲೆಮಟ್ಟ, ರೈಲ್ ಬ್ಯಾಗ್, ಕೋನದ ಗೈಡ್. ಇವು ಚೆನ್ನಾಗಿರುತ್ತವೆ, ಆದರೆ ದಿನಾ ಮಾಡ್ಯುಲರ್ ಕಿಚನ್ ಕೆಲಸ ಇರುವವರಿಗೆ ಮಾತ್ರ ದುಡ್ಡು ಹುಟ್ಟುತ್ತದೆ. ತಿಂಗಳಿಗೆ ಒಂದೆರಡು ಬೀರು ಮಾಡುವವರಿಗೆ ಟೇಪು, ಪೆನ್ಸಿಲ್ಲು, ಒಳ್ಳೇ ಮೂಲೆಮಟ್ಟ ಸಾಕು.

ಹಾರ್ಡ್‌ವೇರ್ ಅಂಗಡಿಯವರೂ ಮಾರುವ ಮುಂಚೆ ಮೂರು ಪ್ರಶ್ನೆ ಕೇಳಿದರೆ ಸಾಮಾನು ವಾಪಸ್ ಬರೋದು ತಪ್ಪುತ್ತದೆ: ಮೆಷಿನ್ ಯಾವುದು, ಶೀಟ್ ಉದ್ದ ಸೀಳಬೇಕಾ ಅಡ್ಡ ಕೊಯ್ಯಬೇಕಾ, ಟೇಬಲ್ ತೂತಿನ ಅಳತೆ ಎಷ್ಟು. ಇನ್ನೂ ಟೇಬಲ್‌ಗೆ ಮೆಷಿನ್ ಬಿಗಿದೇ ಕೆಲಸ ಮಾಡುವವರು ಇವತ್ತೇ ಮಾಡಬಹುದಾದ್ದು ಎರಡಿವೆ. ಬಿಚ್ಚಿಟ್ಟ ಗಾರ್ಡ್ ವಾಪಸ್ ಹಾಕೋದು, ಮರ ತಳ್ಳೋಕೆ ಬೆರಳಿನ ಬದಲು ಒಂದು ಕೋಲು ಹಿಡಿಯೋದು. ಎರಡಕ್ಕೂ ಖರ್ಚಿಲ್ಲ.