ಹಸಿರಾಗಿ ಹೋಗಿ ಕೆಂಪಾಗಿ ಬರುವ ಬೆಳಕು

ಹೋಳಿ ಹುಣ್ಣಿಮೆ ಕಳೆದು ಬ್ರಹ್ಮಪುರದಲ್ಲಿ ಶರಣಬಸವೇಶ್ವರರ ತೇರು ಸಾಗುವ ಹೊತ್ತಿಗೆ ಕಲಬುರಗಿಯ ಆಕಾಶ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಆ ಮಬ್ಬು ಊರಿನ ಬೀದಿಗಳಿಂದ ಎದ್ದ ಧೂಳೋ, ಮೂರು ಕಿಲೋಮೀಟರ್ ಮೇಲೆ ಎಲ್ಲಿಂದಲೋ ತೇಲಿ ಬಂದದ್ದೋ? ಕೆಳಗೆ ನಿಂತವರ ಕಣ್ಣಿಗೆ ಎರಡೂ ಒಂದೇ. ಬಿಡಿಸಿ ಹೇಳಬಲ್ಲದ್ದು ಲೈಡಾರ್.

ಹಾಳುಬಾವಿಗೆ ಕಲ್ಲೆಸೆದು ಸದ್ದಿಗೆ ಕಿವಿಗೊಡುವುದಿಲ್ಲವೇ, ಇದೂ ಹಾಗೆಯೇ. ಬಾವಿ ಮಾತ್ರ ಮೇಲ್ಮುಖ. ಲೇಸರ್ ಮಿಣುಕನ್ನು ಬಾನಿಗೆ ಬಿಟ್ಟು, ಧೂಳಿಗೋ ಮೋಡಕ್ಕೋ ತಾಗಿ ಮರಳುವ ಚೂರು ಬೆಳಕನ್ನು ದೂರದರ್ಶಕದಲ್ಲಿ ಹಿಡಿಯುತ್ತಾರೆ. ಮೂರು ಕಿಲೋಮೀಟರ್ ಹೋಗಿಬರಲು ಅದಕ್ಕೆ ಸೆಕೆಂಡಿನ 50,000ದಲ್ಲಿ ಒಂದು ಪಾಲು ಸಾಕು. ಆ ಕಾಲದಿಂದಲೇ ಎತ್ತರದ ಲೆಕ್ಕ. ಮರಳಿದ ಬೆಳಕಿನ ಕಂಪನದ ದಿಕ್ಕು ಬದಲಾಗಿದ್ದರೆ ತಾಗಿದ್ದು ಅಂಕುಡೊಂಕಾದ ಮಣ್ಣಿನ ಕಣ ಅಥವಾ ಹಿಮದ ಹರಳು. ಅಷ್ಟಾಗಿ ಬದಲಾಗದಿದ್ದರೆ ದುಂಡನೆಯ ನೀರಹನಿ.

ಇದರಲ್ಲೇ ಸೂಕ್ಷ್ಮವಾದ ಒಂದು ಬಗೆಗೆ ನಮಗೆ ಪರಿಚಿತ ಹೆಸರಿದೆ. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್, ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರೇ ಚದುರಿಸಿದ ಬೆಳಕು ಎಂದು ಕಂಡುಕೊಂಡರು. ಆ ಕುತೂಹಲ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದಲ್ಲಿ ಫಲ ಕೊಟ್ಟಿತು. (ಆಗ ಅವರಿದ್ದದ್ದು ಕೋಲ್ಕತ್ತದಲ್ಲಿ. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ಇಲ್ಲೇ ಉಳಿದರು. ನಮ್ಮವರು ಎನ್ನಲು ಅಷ್ಟು ಸಾಲದೇ?) ಆ ಪರಿಣಾಮವನ್ನೇ ಬಳಸುವ ರಾಮನ್ ಲೈಡಾರ್ ಬಿಟ್ಟ 532 ನ್ಯಾನೋಮೀಟರಿನ ಹಸಿರು ಬೆಳಕು ನೀರಾವಿಯ ಅಣುವಿಗೆ ತಾಗಿದರೆ, ಅದರಲ್ಲೊಂದು ಅತ್ಯಲ್ಪ ಪಾಲು 660ರ ಕೆಂಪಾಗಿ ಹಿಂದಿರುಗುತ್ತದೆ. ಹಗಲಿನ ಬಿಸಿಲಲ್ಲಿ ಆ ಕೆಂಪು ಕಳೆದೇಹೋಗುವುದರಿಂದ ಕೆಲಸವೆಲ್ಲ ಹೆಚ್ಚಾಗಿ ರಾತ್ರಿಯೇ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 1986ರಲ್ಲೇ ಆರ್ಗಾನ್ ಲೇಸರ್ ಹಿಡಿದು ಗಾಳಿಯ ಕಣಗಳನ್ನು ಅಳೆಯತೊಡಗಿತ್ತು. ತಿರುಪತಿ ಬಳಿಯ ಗಾದಂಕಿಗೆ 1998ರಲ್ಲಿ ಜಪಾನಿನ ಸಹಯೋಗದ ಲೈಡಾರ್ ಬಂತು. ವಿಮಾನವೂ ಬಲೂನೂ ಏರಲಾಗದ ಎತ್ತರದಲ್ಲಿ, ಸುಮಾರು 80 ಕಿಲೋಮೀಟರ್‌ವರೆಗೆ, ಅದು ತಾಪಮಾನ ಓದುತ್ತದೆ.

ಹಸಿರು ಬೆಳಕು ನೀರಿಗೂ ಇಳಿಯುತ್ತದೆ. ಮೇಲ್ಮೈಯಿಂದ ಒಂದು ಮಾರುತ್ತರ, ತಳದಿಂದ ಇನ್ನೊಂದು. ನಡುವಿನ ಅಂತರವೇ ಆಳ. 2018ರಲ್ಲಿ ಹಾರಿದ ಐಸ್‌ಸ್ಯಾಟ್-2 ಉಪಗ್ರಹ ಹಿಮ ಅಳೆಯಲೆಂದು ಹೋದದ್ದು, ತಿಳಿಗಡಲಿನಲ್ಲಿ ಸುಮಾರು 40 ಮೀಟರ್ ಆಳದ ತಳವನ್ನೂ ಕಂಡಿದೆ. ಕೆಸರು ನೀರಿನ ಮುಂದೆ ಮಾತ್ರ ಅದರ ಆಟ ನಡೆಯದು.

2006ರ ಏಪ್ರಿಲ್ 28ರಂದು ಹಾರಿದ ಕ್ಯಾಲಿಪ್ಸೊ ಉಪಗ್ರಹ ಸುಮಾರು 700 ಕಿಲೋಮೀಟರ್ ಎತ್ತರದಿಂದ ಸೆಕೆಂಡಿಗೆ 20 ಮಿಣುಕು ಬಿಡುತ್ತ, 2023ರವರೆಗೆ ಭೂಮಿಯ ಗಾಳಿಯನ್ನು ಪದರಪದರವಾಗಿ ದಾಖಲಿಸಿತು. ಕಲ್ಯಾಣ ಕರ್ನಾಟಕದ ಮೇಲೂ ಅದು ಹಾದುಹೋಗಿದೆ. ಆ ದತ್ತಾಂಶವನ್ನು ನಾಸಾ ಯಾರಿಗಾದರೂ ಉಚಿತವಾಗಿ ಕೊಡುತ್ತದೆ. ಕಲಬುರಗಿಯ ಭೌತಶಾಸ್ತ್ರದ ಮೇಷ್ಟ್ರುಗಳು ಯಾವುದಾದರೊಂದು ಏಪ್ರಿಲ್ ರಾತ್ರಿಯ ಚಿತ್ರವನ್ನು ತರಗತಿಯಲ್ಲಿ ತೆರೆದು ತೋರಿಸಲಿ.